ಗೆದ್ದವರ ಮನೆಯಲ್ಲಿ ಬೀಳ್ಕೊಡುಗೆ

೨೦೨೪ನೆಯ ಇಸವಿ ಅಕ್ಟೋಬರ್ ೬, ಭಾನುವಾರದ ರಾತ್ರಿ. ಸಿಡ್ನಿ ನಗರದ ಒಲಿಂಪಿಕ್ ಕ್ರೀಡಾಂಗಣದಲ್ಲಿ ಸುಮಾರು ೮೦,೦೦೦ ಮಂದಿ ನೆರೆದಿದ್ದರು. ಆಸ್ಟ್ರೇಲಿಯದ ರಗ್ಬಿ ಲೀಗ್ ಪಂದ್ಯಾವಳಿಯ ಅಂತಿಮ ಪಂದ್ಯದಲ್ಲಿ ಪೆನ್ರಿತ್ ತಂಡ ಮೆಲ್ಬರ್ನ್ ತಂಡವನ್ನು ೧೪–೬ರಿಂದ ಸೋಲಿಸಿತು. ಒಂದಲ್ಲ, ಎರಡಲ್ಲ, ಸತತವಾಗಿ ನಾಲ್ಕನೆಯ ವರ್ಷದ ವಿಜಯ! ಆಟಗಾರರು ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಕೆಲವರು ನಕ್ಕರು, ಕೆಲವರು ಕಣ್ಣೊರಸಿಕೊಂಡರು.

ಆ ಕಣ್ಣೀರೆಲ್ಲ ಹರ್ಷದ ಕಣ್ಣೀರೇ ಆಗಿರಲಿಲ್ಲ. ಬಾಲ್ಯದಿಂದಲೂ ಆ ಕ್ಲಬ್ಬಿನ ಅಂಗಳದಲ್ಲೇ ಬೆಳೆದ ಜರೋಮ್ ಲುವಾಯಿಗೆ ಅದು ಪೆನ್ರಿತ್ ಅಂಗಿ ತೊಟ್ಟ ಕೊನೆಯ ರಾತ್ರಿ. ಮುಂಚೂಣಿಯ ಕಂಬದಂತಿದ್ದ ಜೇಮ್ಸ್ ಫಿಶರ್-ಹ್ಯಾರಿಸ್‌ಗೂ ಅದೇ ಕೊನೆಯ ರಾತ್ರಿ. ಅಂಚಿನ ಓಟಗಾರ ಸೂನಿಯಾ ಟುರುವಾಗೂ ಅಷ್ಟೆ. ಮೂವರೂ ಬೇರೆ ತಂಡಗಳೊಡನೆ ಒಪ್ಪಂದ ಮಾಡಿಕೊಂಡು ಎಷ್ಟೋ ತಿಂಗಳು ಕಳೆದಿದ್ದುವು. ಮದುವೆ ಮುಗಿದ ಮನೆಯಲ್ಲಿ ಚಪ್ಪರ ಬಿಚ್ಚುವ ಮೊದಲೇ ಮಗಳನ್ನು ಕಳುಹಿಸಿಕೊಡುವ ಹೊತ್ತು ಬರುವುದಲ್ಲವೆ? ಗೆದ್ದ ಕ್ಲಬ್ಬಿನ ಪಾಡೂ ಅದೇ. ಸಂಭ್ರಮದ ಮರುದಿನವೇ ಬೀಳ್ಕೊಡುಗೆ. ಅದರ ಮರುದಿನವೇ ಖಾಲಿಯಾದ ಸ್ಥಾನಗಳಿಗೆ ಯಾರು ಎಂಬ ಚಿಂತೆ.

ಆಟದ ದಿನಗಳಲ್ಲಿ ಜಯಾಪಜಯಗಳ ಸುದ್ದಿ ಎಲ್ಲರಿಗೂ ತಿಳಿಯುತ್ತದೆ. ಆದರೆ ಆಟವಿಲ್ಲದ ದಿನಗಳಲ್ಲಿ, ಅಕ್ಟೋಬರ್‌ನಿಂದ ಫೆಬ್ರವರಿಯವರೆಗಿನ ಆ ಐದು ತಿಂಗಳಲ್ಲಿ, ಒಂದು ಕ್ಲಬ್ಬು ಏನು ಮಾಡುತ್ತದೆ? ಯಾರನ್ನು ಕರೆತರುತ್ತದೆ, ಯಾರನ್ನು ಕಳುಹಿಸಿಕೊಡುತ್ತದೆ, ಉಳಿದವರನ್ನು ಹೇಗೆ ಹುರಿಗೊಳಿಸುತ್ತದೆ? ಈ ಪ್ರಶ್ನೆಗಳಿಗೆ ಪೆನ್ರಿತ್‌ನ ಕಥೆಗಿಂತ ಸ್ವಾರಸ್ಯವಾದ ಉತ್ತರ ದೊರೆಯುವುದು ಕಷ್ಟ.

ಹದಿಮೂರು ಜನರ ಆಟ

ರಗ್ಬಿ ಎಂದೊಡನೆ ಅದೆಲ್ಲ ಒಂದೇ ಆಟವೆಂದು ಭಾವಿಸುವವರುಂಟು. ಅದು ಸರಿಯಲ್ಲ. ೧೮೯೫ರವರೆಗೆ ಇಂಗ್ಲೆಂಡಿನಲ್ಲಿ ಅದು ಒಂದೇ ಕುಟುಂಬವಾಗಿತ್ತು. ಉತ್ತರ ಇಂಗ್ಲೆಂಡಿನ ತಂಡಗಳಲ್ಲಿ ಗಣಿ ಕೆಲಸಗಾರರೂ ಗಿರಣಿ ಕಾರ್ಮಿಕರೂ ಹೆಚ್ಚಾಗಿದ್ದರು. ಶನಿವಾರ ಆಟಕ್ಕೆ ಹೋದರೆ ಅವರಿಗೆ ಆ ದಿನದ ಕೂಲಿ ಖೋತಾ. ಆ ನಷ್ಟವನ್ನಾದರೂ ತುಂಬಿಕೊಡಬೇಕೆಂದು ಉತ್ತರದ ಕ್ಲಬ್ಬುಗಳು ಕೇಳಿದುವು. ಆಟಕ್ಕೆ ಹಣ ಪಡೆಯುವುದು ಆಟದ ಗೌರವಕ್ಕೆ ಕುಂದು ಎಂದರು ದಕ್ಷಿಣದ ಶ್ರೀಮಂತರು. ೧೮೯೫ರ ಆಗಸ್ಟ್ ೨೯ರಂದು ಹಡರ್ಸ್‌ಫೀಲ್ಡ್ ಪಟ್ಟಣದ ಜಾರ್ಜ್ ಹೋಟೆಲಿನಲ್ಲಿ ಸಭೆ ಸೇರಿದ ಉತ್ತರದವರು ಬೇರೆ ಸಂಸಾರ ಹೂಡಿದರು. ಅದೇ ಮುಂದೆ ರಗ್ಬಿ ಲೀಗ್ ಎನಿಸಿತು. ಹೀಗೆ ಈ ಆಟದ ಹುಟ್ಟಿನಲ್ಲೇ ಕೂಲಿಯ ಪ್ರಶ್ನೆಯಿದೆ ಎಂಬುದನ್ನು ಮರೆಯಬಾರದು.

ಮೂಲ ಆಟದಲ್ಲಿ ತಂಡಕ್ಕೆ ಹದಿನೈದು ಜನ. ಇಲ್ಲಿ ಹದಿಮೂರೇ ಜನ. ನಲವತ್ತು ನಲವತ್ತು ನಿಮಿಷಗಳ ಎರಡು ಭಾಗ. ಚೆಂಡನ್ನು ಕೈಯಲ್ಲಿ ಹಿಡಿದು ಮುಂದಕ್ಕೆ ಓಡಬಹುದು, ಕಾಲಿನಿಂದ ಮುಂದಕ್ಕೆ ಒದೆಯಬಹುದು. ಆದರೆ ಜೊತೆಗಾರನಿಗೆ ಎಸೆಯುವುದಾದರೆ ಹಿಂದಕ್ಕೇ ಎಸೆಯಬೇಕು. ಎದುರಾಳಿಗಳು ಓಡಿ ಬಂದವನನ್ನು ತಬ್ಬಿ ಕೆಡವುತ್ತಾರೆ. ಕಬಡ್ಡಿಯಲ್ಲಿ ದಾಳಿಗಾರನನ್ನು ನಾಲ್ಕಾರು ಜನ ಮುತ್ತಿ ಹಿಡಿಯುವುದನ್ನು ಕಂಡವರಿಗೆ ಈ ದೃಶ್ಯ ಅಪರಿಚಿತವೆನಿಸದು. ಹೀಗೆ ಆರು ಸಲ ಕೆಡವಿಸಿಕೊಳ್ಳುವುದರೊಳಗೆ ಚೆಂಡನ್ನು ಎದುರಾಳಿಯ ಕೊನೆಯ ಗೆರೆಯಾಚೆ ನೆಲಕ್ಕೊತ್ತಿದರೆ ನಾಲ್ಕು ಅಂಕ. ಆಗದಿದ್ದರೆ ಚೆಂಡು ಅವರ ಪಾಲು. ಮೈಗೆ ಮೈ ತಾಗುವ ಈ ಆಟದಲ್ಲಿ ಶಕ್ತಿಯೂ ಬೇಕು, ಓಟವೂ ಬೇಕು, ದಣಿದಾಗ ಕೆಡದ ಬುದ್ಧಿಯೂ ಬೇಕು.

೧೯೦೮ರಲ್ಲಿ ಸಿಡ್ನಿಯಲ್ಲಿ ಈ ಆಟದ ಪಂದ್ಯಾವಳಿ ಆರಂಭವಾಯಿತು. ಇಂದು ಆಸ್ಟ್ರೇಲಿಯದ ಪೂರ್ವ ಭಾಗದಲ್ಲಿ ಚಳಿಗಾಲದ ಆಟವೆಂದರೆ ಜನರ ಮನಸ್ಸಿಗೆ ಮೊದಲು ಬರುವುದು ಇದೇ. ಮಾರ್ಚ್ ತಿಂಗಳ ಹೊತ್ತಿಗೆ ಮೊದಲಾಗಿ ಅಕ್ಟೋಬರ್ ಮೊದಲ ವಾರದಲ್ಲಿ ಮುಗಿಯುವ ಪಂದ್ಯಾವಳಿಯಲ್ಲಿ, ೨೦೨೩ರಿಂದ ಹದಿನೇಳು ಕ್ಲಬ್ಬುಗಳು ಸೆಣಸತೊಡಗಿದುವು. ಪಟ್ಟಿಯಲ್ಲಿ ಮೊದಲ ಎಂಟು ಸ್ಥಾನ ಪಡೆದವರಿಗೆ ಮುಂದಿನ ಸುತ್ತು. ಉಳಿದವರಿಗೆ ಮನೆಯ ದಾರಿ.

ಬೆಟ್ಟದ ಬುಡದ ಊರು

ಸಿಡ್ನಿಯ ಕಡಲತೀರದಿಂದ ಪಶ್ಚಿಮಕ್ಕೆ ಸುಮಾರು ಐವತ್ತು ಕಿಲೋಮೀಟರು ಸಾಗಿದರೆ ನೆಪಿಯನ್ ನದಿ. ಅದರಾಚೆ ನೀಲಿ ಪರ್ವತಗಳೆಂಬ ಗಿರಿಶ್ರೇಣಿ. ಆ ನದಿಯ ದಡದಲ್ಲಿ, ಆ ಬೆಟ್ಟಗಳ ಬುಡದಲ್ಲಿ ಪೆನ್ರಿತ್ ಇದೆ. ಕಡಲ ತಂಗಾಳಿ ಇಲ್ಲಿಯವರೆಗೆ ಬಾರದು. ೨೦೨೦ರ ಜನವರಿ ೪ರಂದು ಇಲ್ಲಿ ತಾಪಮಾನ ೪೮.೯ ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಹಣವಂತರ ಬಡಾವಣೆಗಳೆಲ್ಲ ಕಡಲ ಕಡೆಗೆ. ದುಡಿದು ಉಣ್ಣುವವರ ಮನೆಗಳು ಈ ಕಡೆಗೆ. ಸಮೋವಾ, ಟೋಂಗಾ, ಫಿಜಿ ದ್ವೀಪಗಳಿಂದಲೂ ನ್ಯೂಜಿಲೆಂಡಿನಿಂದಲೂ ಬಂದು ನೆಲೆಸಿದ ಕುಟುಂಬಗಳು ಸಹ ಈ ಪ್ರದೇಶದಲ್ಲಿ ಬಹಳ.

ಪೆನ್ರಿತ್ ಕ್ಲಬ್ಬಿಗೆ ಮೇಲ್ಮಟ್ಟದ ಪಂದ್ಯಾವಳಿಯಲ್ಲಿ ಪ್ರವೇಶ ದೊರೆತದ್ದು ೧೯೬೭ರಲ್ಲಿ. ಆಗ ಆಟಗಾರರ ಅಂಗಿಯ ಬಣ್ಣ ಕಂದು. ಅಂತಿಮ ಸುತ್ತುಗಳ ಮುಖ ಕಾಣಲು ೧೯೮೫ರವರೆಗೆ ಕಾಯಬೇಕಾಯಿತು; ಪ್ರಥಮ ಪ್ರಶಸ್ತಿಗೆ ೧೯೯೧ರವರೆಗೆ. ೨೦೦೧ರಲ್ಲಿ ಪಟ್ಟಿಯ ತಳದಲ್ಲಿ ಬಿದ್ದಿದ್ದ ತಂಡ ೨೦೦೩ರಲ್ಲಿ ಪುನಃ ಪ್ರಶಸ್ತಿ ಗೆದ್ದಿತು. ೨೦೦೭ರಲ್ಲಿ ಮತ್ತೆ ತಳ ಸೇರಿತು. ಏರಿಗಿಂತ ಇಳಿತವೇ ಹೆಚ್ಚಾಗಿದ್ದ ಇಂಥ ಕ್ಲಬ್ಬಿನ ಭಾಗ್ಯ ತಿರುಗಿದ್ದು ಹೇಗೆ?

೧೯೯೧ರ ವಿಜಯದ ಕಾಲದಲ್ಲಿ ತರಬೇತಿಗಾರನಾಗಿದ್ದ ಫಿಲ್ ಗೂಲ್ಡ್ ಎಂಬಾತ ೨೦೧೧ರಲ್ಲಿ ವ್ಯವಸ್ಥಾಪಕನಾಗಿ ಹಿಂದಿರುಗಿದಾಗ ಕ್ಲಬ್ಬು ಹಣದ ಮುಗ್ಗಟ್ಟಿನಲ್ಲಿತ್ತು. ಹೊರಗಿನಿಂದ ಹೆಸರಾಂತ ಆಟಗಾರರನ್ನು ಕೊಂಡುತರುವ ಶಕ್ತಿ ಇರಲಿಲ್ಲ. ಆದರೆ ಕಣ್ಣೆದುರಿಗೇ ಒಂದು ನಿಧಿ ಇತ್ತು. ಪೆನ್ರಿತ್ ಪ್ರಾಂತದ ಬಾಲಕರ ಪಂದ್ಯಾವಳಿ ಜಗತ್ತಿನ ಅತಿ ದೊಡ್ಡ ಬಾಲಕರ ಪಂದ್ಯಾವಳಿಗಳಲ್ಲೊಂದು. ಶನಿವಾರ ಬಂತೆಂದರೆ ಬಡಾವಣೆ ಬಡಾವಣೆಯ ಮೈದಾನಗಳಲ್ಲಿ ಆರೇಳು ವರ್ಷದ ಮಕ್ಕಳಿಂದ ಹಿಡಿದು ಪ್ರಾಯದ ತರುಣರವರೆಗೆ ಎಲ್ಲರಿಗೂ ಇದೇ ಆಟ. ತಾಯಂದಿರು ಹಣ್ಣಿನ ಹೋಳು, ನೀರಿನ ಸೀಸೆ ಹಿಡಿದು ಗೆರೆಯಂಚಿನಲ್ಲಿ ನಿಲ್ಲುತ್ತಾರೆ. ಬೆಟ್ಟದಾಚೆಯ ಡಬೋ, ಬ್ಯಾಥರ್ಸ್ಟ್ ಮುಂತಾದ ಹಳ್ಳಿಗಾಡಿನ ಊರುಗಳಲ್ಲೂ ಪ್ರತಿಭೆಗೆ ಕೊರತೆಯಿರಲಿಲ್ಲ. ಇವರನ್ನು ಚಿಕ್ಕಂದಿನಲ್ಲೇ ಗುರುತಿಸಿ, ಕರೆತಂದು, ಒಂದೇ ಪದ್ಧತಿಯಲ್ಲಿ ಪಳಗಿಸುವ ಶಾಲೆಯೊಂದು ಕಟ್ಟಡದ ರೂಪ ತಾಳಿತು.

ಹೀಗೆ ಮೂಡಿಬಂದವರನ್ನು ನೋಡಿ. ಲುವಾಯಿ, ಸ್ಟೀಫನ್ ಕ್ರೈಟನ್, ಬ್ರಯಾನ್ ಟೋ ಈ ಮೂವರೂ ನೆರೆಯ ಮೌಂಟ್ ಡ್ರೂಯಿಟ್ ಬಡಾವಣೆಯ ಹುಡುಗರು. ನಾಯಕ ಐಸಾಯಾ ಯೋ ಮತ್ತು ಮ್ಯಾಟ್ ಬರ್ಟನ್ ಡಬೋ ಕಡೆಯವರು. ಲಿಯಮ್ ಮಾರ್ಟಿನ್ ಟೆಮೋರಾ ಎಂಬ ದೂರದ ಊರಿನವನು. ಇವರೆಲ್ಲರ ನಡುವೆ ನೇಥನ್ ಕ್ಲಿಯರಿ. ೨೦೧೬ರಲ್ಲಿ, ಹದಿನೆಂಟರ ಹರೆಯದಲ್ಲಿ, ಮೇಲ್ಮಟ್ಟದ ಆಟಕ್ಕೆ ಇಳಿದ ಈ ತರುಣ ತರಬೇತಿಗಾರ ಐವನ್ ಕ್ಲಿಯರಿಯ ಮಗ. ತಂದೆಯ ಕಥೆಯೂ ವಿಚಿತ್ರವಾದುದೇ. ೨೦೧೨ರಲ್ಲಿ ಈ ಕ್ಲಬ್ಬಿಗೆ ಬಂದಿದ್ದ ಅವನನ್ನು ೨೦೧೫ರ ಕೊನೆಯಲ್ಲಿ ಮನೆಗೆ ಕಳುಹಿಸಲಾಗಿತ್ತು. ೨೦೧೯ರಲ್ಲಿ ಅವನನ್ನೇ ಪುನಃ ಕರೆಸಿಕೊಂಡರು. ೨೦೨೦ರಲ್ಲಿ ತಂಡ ಸತತ ಹದಿನೇಳು ಪಂದ್ಯ ಗೆದ್ದೂ ಕೊನೆಯ ಪಂದ್ಯದಲ್ಲಿ ಮೆಲ್ಬರ್ನ್‌ಗೆ ಸೋತಿತು. ಮರುವರ್ಷದಿಂದ ವಿಜಯಪರಂಪರೆ ಮೊದಲಾಯಿತು. ಅದರೊಡನೆಯೇ ವಿಯೋಗಪರಂಪರೆಯೂ ಮೊದಲಾಯಿತು.

ಉಡಿಯ ಅಳತೆ

ಗೆದ್ದವರು ತಮ್ಮ ಆಟಗಾರರನ್ನು ಏಕೆ ಕಳೆದುಕೊಳ್ಳಬೇಕು? ಇದಕ್ಕೆ ಕಾರಣ ಸಂಬಳದ ಮಿತಿ ಎಂಬ ನಿಯಮ. ಒಂದು ಕ್ಲಬ್ಬು ತನ್ನ ಮುಖ್ಯ ಮೂವತ್ತು ಆಟಗಾರರಿಗೆ ವರ್ಷಕ್ಕೆ ಇಂತಿಷ್ಟೇ ಹಣ ಕೊಡಬೇಕು, ಅದಕ್ಕಿಂತ ಹೆಚ್ಚು ಕೊಡಕೂಡದು ಎಂದು ಪಂದ್ಯಾವಳಿಯ ಮಂಡಳಿ ಗೊತ್ತುಮಾಡುತ್ತದೆ. ೨೦೨೩ರಲ್ಲಿ ಈ ಮಿತಿ ಸುಮಾರು ೧ ಕೋಟಿ ೨೦ ಲಕ್ಷ ಆಸ್ಟ್ರೇಲಿಯನ್ ಡಾಲರುಗಳಾಗಿತ್ತು. ಸಿರಿವಂತ ಕ್ಲಬ್ಬಾಗಲಿ ಬಡ ಕ್ಲಬ್ಬಾಗಲಿ, ಎಲ್ಲರ ಉಡಿಯಲ್ಲೂ ಹಿಡಿಸುವುದು ಅಷ್ಟೇ ಅಕ್ಕಿ.

ನಿಯಮದ ಉದ್ದೇಶ ಒಳ್ಳೆಯದೇ. ಹಿಂದೆ ಸೇಂಟ್ ಜಾರ್ಜ್ ಎಂಬ ಕ್ಲಬ್ಬು ೧೯೫೬ರಿಂದ ೧೯೬೬ರವರೆಗೆ ಒಂದು ವರ್ಷವೂ ಬಿಡದೆ ಹನ್ನೊಂದು ಸಲ ಪ್ರಶಸ್ತಿ ಗೆದ್ದಿತ್ತು. ಗೆಲ್ಲುವವರೇ ಗೆಲ್ಲುತ್ತ ಹೋದರೆ ಉಳಿದ ಊರುಗಳ ಜನ ಆಟ ನೋಡಲು ಏಕೆ ಬಂದಾರು? ಹಣವುಳ್ಳವರು ಒಳ್ಳೆಯವರನ್ನೆಲ್ಲ ಬಾಚಿಕೊಳ್ಳದಿರಲಿ ಎಂದೇ ಈ ಕಟ್ಟಳೆ. ಮಿತಿ ಮೀರಿದವರಿಗೆ ಶಿಕ್ಷೆಯೂ ಕಠಿಣ. ಗುಟ್ಟಾಗಿ ಹೆಚ್ಚು ಹಣ ಕೊಟ್ಟದ್ದು ಬಯಲಾದಾಗ, ೨೦೧೦ರಲ್ಲಿ ಮೆಲ್ಬರ್ನ್ ಕ್ಲಬ್ಬಿನಿಂದ ೨೦೦೭ ಮತ್ತು ೨೦೦೯ರ ಎರಡು ಪ್ರಶಸ್ತಿಗಳನ್ನೇ ಕಿತ್ತುಕೊಳ್ಳಲಾಯಿತು. ಆ ಎರಡು ವರ್ಷಗಳ ಪುಟದಲ್ಲಿ ವಿಜೇತರ ಹೆಸರಿನ ಜಾಗ ಇಂದಿಗೂ ಬರಿದಾಗಿದೆ.

ಆದರೆ ಮನೆಯಲ್ಲೇ ಆಟಗಾರರನ್ನು ಬೆಳೆಸುವವರಿಗೆ ಈ ನಿಯಮ ವಿಚಿತ್ರವಾದ ಬಗೆಯಲ್ಲಿ ತಾಗುತ್ತದೆ. ಹತ್ತು ವರ್ಷ ಸಾಕಿದ ಹುಡುಗ ಹೆಸರು ಮಾಡುತ್ತಾನೆ. ಅವನ ಬೆಲೆ ಏರುತ್ತದೆ. ಇಂಥವರು ಒಬ್ಬಿಬ್ಬರಲ್ಲ, ಏಕಕಾಲಕ್ಕೆ ಹತ್ತು ಮಂದಿ. ಅಳತೆಯ ಉಡಿಯಲ್ಲಿ ಹತ್ತು ಮಂದಿಯ ಏರಿದ ಬೆಲೆ ಹಿಡಿಸುವುದೆಂತು? ಕೆಲವರನ್ನು ಬಿಟ್ಟುಕೊಡಲೇಬೇಕು. ಒಪ್ಪಂದದ ಅವಧಿ ಮುಗಿಸಿ ಹೊರಟವನಿಗಾಗಿ ಬೆಳೆಸಿದ ಕ್ಲಬ್ಬಿಗೆ ಪರಿಹಾರವೆಂದು ಕಾಸೂ ದೊರೆಯುವುದಿಲ್ಲ. ಭಾರತದ ಕ್ರಿಕೆಟ್ ತಂಡಗಳಲ್ಲಿರುವಂತೆ ಇಲ್ಲಿ ಹರಾಜಿಲ್ಲ. ಆಟಗಾರನೂ ಕ್ಲಬ್ಬೂ ನೇರವಾಗಿ ಮಾತಾಡಿಕೊಳ್ಳುತ್ತಾರೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಇಲ್ಲಿಗೆ ಒಪ್ಪುತ್ತದೆ. ವ್ಯತ್ಯಾಸವೇನೆಂದರೆ ಇಲ್ಲಿ ಗಡಿಗೆ ಒಡೆಯುವುದಿಲ್ಲ, ಪಕ್ಕದ ಮನೆಯ ಒಲೆಯೇರುತ್ತದೆ!

ನವೆಂಬರ್ ಮೊದಲ ತಾರೀಖು

ಆಟವಿಲ್ಲದ ಕಾಲದ ಪಂಚಾಂಗದಲ್ಲಿ ಅತಿ ಮುಖ್ಯವಾದ ದಿನ ನವೆಂಬರ್ ೧. ಯಾರ ಒಪ್ಪಂದಕ್ಕೆ ಇನ್ನೊಂದೇ ವರ್ಷ ಉಳಿದಿದೆಯೋ ಅವರು ಆ ದಿನದಿಂದ ಬೇರೆ ಕ್ಲಬ್ಬುಗಳೊಡನೆ ಮಾತುಕತೆ ನಡೆಸಬಹುದು. ಅಂದರೆ ಒಬ್ಬ ಆಟಗಾರ ೨೦೨೪ರ ಕೊನೆಯವರೆಗೆ ಪೆನ್ರಿತ್‌ಗೆ ಬದ್ಧನಾಗಿದ್ದರೂ ೨೦೨೩ರ ನವೆಂಬರ್‌ನಲ್ಲಿಯೇ ೨೦೨೫ರ ತನ್ನ ಹೊಸ ಮನೆಯನ್ನು ನಿಶ್ಚಯಿಸಿಕೊಳ್ಳಬಹುದು. ನಡುವಣ ಇಡೀ ವರ್ಷ ಅವನು ಹಳೆಯ ಮನೆಯಲ್ಲೇ ಉಂಡು, ಹಳೆಯ ಮನೆಗಾಗಿಯೇ ದುಡಿಯಬೇಕು.

ಇದನ್ನು ಮೊದಲ ಸಲ ಕೇಳಿದವರಿಗೆ ಆಶ್ಚರ್ಯವಾಗದಿರದು. ನಾಳೆ ಎದುರಾಳಿಯಾಗುವವನು ಇಂದು ನಮ್ಮ ಗುಟ್ಟುಗಳನ್ನೆಲ್ಲ ಕೇಳುತ್ತ ಕುಳಿತಿರುತ್ತಾನಲ್ಲ! ಅವನು ಮನಸ್ಸಿಟ್ಟು ಆಡುತ್ತಾನೆಯೆ? ಬಿಟ್ಟುಹೋಗುವವನನ್ನು ಜೊತೆಗಾರರು ನಂಬುತ್ತಾರೆಯೆ? ಎಷ್ಟೋ ತಂಡಗಳಲ್ಲಿ ಈ ಸಂದೇಹವೇ ಒಡಕಿಗೆ ಕಾರಣವಾಗಿದೆ. ಪೆನ್ರಿತ್‌ನಲ್ಲಿ ಆದದ್ದು ಬೇರೆ. ಬರ್ಟನ್ ಹೋಗುವುದು ನಿಶ್ಚಯವಾದ ಮೇಲೆಯೂ ೨೦೨೧ರ ವರ್ಷವಿಡೀ ಆಡಿದ. ಅಂತಿಮ ಪಂದ್ಯದ ಮೊದಲ ಅಂಕಗಳನ್ನು ಗಳಿಸಿದವನೂ ಅವನೇ. ಅದೇ ಪಂದ್ಯದಲ್ಲಿ ಎದುರಾಳಿಯ ಎಸೆತವನ್ನು ನಡುವೆಯೇ ಕಸಿದು ಓಡಿ ಗೆಲುವು ತಂದವನು ಕ್ರೈಟನ್. ಮುಂದೆ ೨೦೨೩ರಲ್ಲಿ ಆ ಕ್ರೈಟನ್‌ನೂ ಹೊರಡುವವನಾಗಿದ್ದ. ಆ ವರ್ಷದ ಅಂತಿಮ ಪಂದ್ಯದಲ್ಲಿ ಬ್ರಿಸ್ಬೇನ್ ೨೪–೮ರಿಂದ ಮುಂದಿತ್ತು. ಉಳಿದದ್ದು ಇಪ್ಪತ್ತು ನಿಮಿಷಕ್ಕಿಂತ ಕಡಿಮೆ. ಆಗ ತಂಡವನ್ನು ಪೈಪೋಟಿಗೆ ಮರಳಿ ತಂದ ಗಳಿಕೆಗಳಲ್ಲಿ ಒಂದು ಅವನದು. ಕೊನೆಯದನ್ನು ನೇಥನ್ ಕ್ಲಿಯರಿ ಗಳಿಸಿದ. ಪೆನ್ರಿತ್ ೨೬–೨೪ರಿಂದ ಗೆದ್ದಿತು. ಹೊರಡುವ ಮುನ್ನ ಮನೆಯ ಕೆಲಸವನ್ನು ಪೂರೈಸಿ, ಅಂಗಳ ಗುಡಿಸಿ ಹೋದಂತೆ ಇವರು ಹೋದರು.

ತೆರವಾದ ಸ್ಥಾನಗಳು

೨೦೨೧ರ ವಿಜಯದ ನಂತರ ಬರ್ಟನ್, ಕರ್ಟ್ ಕೇಪ್‌ವೆಲ್, ಪಾಲ್ ಮೊಮಿರೋವ್‌ಸ್ಕಿ ಹೊರಟರು. ೨೦೨೨ರಲ್ಲಿ ಪ್ಯಾರಮಾಟಾ ತಂಡವನ್ನು ೨೮–೧೨ರಿಂದ ಗೆದ್ದ ಮೇಲೆ ಫಿಜಿ ದ್ವೀಪದ ಭೀಮಕಾಯ ವಿಲಿಯಾಮೆ ಕಿಕಾವ್ ಹೊರಟ. ಆಟದ ಸೂತ್ರ ಹಿಡಿದಿದ್ದ ಆಪಿ ಕೊರೊಯಿಸಾವ್ ಹೊರಟ. ಅಷ್ಟಕ್ಕೇ ಮುಗಿಯಲಿಲ್ಲ. ಸಹಾಯಕ ತರಬೇತಿಗಾರರಿಬ್ಬರೂ ದೊಡ್ಡ ಹುದ್ದೆ ಪಡೆದು ಹೊರಟರು. ಕ್ಯಾಮರನ್ ಸಿರಾಲ್ಡೋ ಬುಲ್‌ಡಾಗ್ಸ್ ಕ್ಲಬ್ಬಿಗೆ, ಆಂಡ್ರ್ಯೂ ವೆಬ್‌ಸ್ಟರ್ ನ್ಯೂಜಿಲೆಂಡಿನ ವಾರಿಯರ್ಸ್ ಕ್ಲಬ್ಬಿಗೆ ಮುಖ್ಯ ತರಬೇತಿಗಾರರಾದರು. ೨೦೨೩ರ ಕೊನೆಗೆ ಕ್ರೈಟನ್, ಸ್ಪೆನ್ಸರ್ ಲೆನಿಯು ಹೊರಟರು. ೨೦೨೪ರ ಕೊನೆಗೆ ಲುವಾಯಿ, ಟುರುವಾ ವೆಸ್ಟ್ಸ್ ಟೈಗರ್ಸ್ ಸೇರಿದರು. ಲುವಾಯಿಗೆ ಐದು ವರ್ಷಗಳಿಗೆ ಸುಮಾರು ೬೦ ಲಕ್ಷ ಡಾಲರ್ ಎಂದು ಪತ್ರಿಕೆಗಳು ವರದಿಮಾಡಿದುವು. ಫಿಶರ್-ಹ್ಯಾರಿಸ್‌ನನ್ನು ಎಳೆದದ್ದು ಹಣವಲ್ಲ. ಹೆಂಡತಿ ಮಕ್ಕಳೊಡನೆ ತಾಯ್ನಾಡಾದ ನ್ಯೂಜಿಲೆಂಡಿಗೆ ಮರಳಬೇಕೆಂಬ ಹಂಬಲ. ಒಪ್ಪಂದದ ಅವಧಿ ಉಳಿದಿದ್ದರೂ ಕ್ಲಬ್ಬು ಅವನನ್ನು ಬಿಟ್ಟುಕೊಟ್ಟಿತು.

ಬರ್ಟನ್, ಕಿಕಾವ್, ಕ್ರೈಟನ್, ಸಿರಾಲ್ಡೋ ಈ ನಾಲ್ವರೂ ಹೋದದ್ದು ಒಂದೇ ಮನೆಗೆ, ಬುಲ್‌ಡಾಗ್ಸ್ ಕ್ಲಬ್ಬಿಗೆ. ೨೦೨೧ರಲ್ಲಿ ಆ ಕ್ಲಬ್ಬಿನ ಆಡಳಿತ ವಹಿಸಿಕೊಂಡವನು ಬೇರೆ ಯಾರೂ ಅಲ್ಲ, ಪೆನ್ರಿತ್‌ನಲ್ಲಿ ಮಕ್ಕಳ ಶಾಲೆಯನ್ನು ಕಟ್ಟಿದ ಅದೇ ಫಿಲ್ ಗೂಲ್ಡ್. ಬೀಜ ಬಿತ್ತಿದವನಿಗೆ ಯಾವ ಗಿಡ ಯಾವ ಫಲ ಕೊಡುತ್ತದೆ ಎಂಬುದು ಗೊತ್ತಿರದೆ?

ಇಷ್ಟು ಜನ ಹೋದ ಮೇಲೆಯೂ ಮನೆ ನಿಂತದ್ದು ಹೇಗೆ? ಐವನ್ ಕ್ಲಿಯರಿ ಮತ್ತು ಅವನ ಸಂಗಡಿಗರ ಲೆಕ್ಕ ಇಷ್ಟೆ. ಮೊದಲನೆಯದಾಗಿ, ಯಾರನ್ನು ಏನಾದರೂ ಬಿಡಬಾರದು ಎಂದು ನಿರ್ಧರಿಸುವುದು. ನೇಥನ್ ಕ್ಲಿಯರಿ, ಐಸಾಯಾ ಯೋ, ಹಿಂಬದಿಯ ಕಾವಲುಗಾರ ಡಿಲನ್ ಎಡ್ವರ್ಡ್ಸ್ ಇವರು ಮನೆಯ ತೊಲೆಗಳು. ಇವರಿಗೆ ಮೊದಲು ಹಣ. ಎರಡನೆಯದಾಗಿ, ತೆರವಾದ ಜಾಗಕ್ಕೆ ಅಂಥದೇ ಹೆಸರಾಂತನನ್ನು ಹುಡುಕದೆ, ಕೆಳಗಿನ ತಂಡದಲ್ಲಿ ಕಾದು ಕುಳಿತಿರುವ ಹುಡುಗನನ್ನು ಮೇಲೇರಿಸುವುದು. ೨೦೨೨ರಲ್ಲಿ ಪೆನ್ರಿತ್‌ನ ಮೇಲಿನ ತಂಡ ಮಾತ್ರವಲ್ಲ, ಅದರ ಎರಡನೆಯ ತಂಡ, ಇಪ್ಪತ್ತೊಂದರ ಒಳಗಿನವರ ತಂಡ, ಹತ್ತೊಂಬತ್ತರ ಒಳಗಿನವರ ತಂಡ ಎಲ್ಲವೂ ತಮ್ಮ ತಮ್ಮ ಪಂದ್ಯಾವಳಿಗಳನ್ನು ಗೆದ್ದುವು. ಕಣಜ ತುಂಬಿದ್ದವನಿಗೆ ಒಂದೆರಡು ಮೂಟೆ ಹೋದರೆ ಉಪವಾಸವಿಲ್ಲ. ಹೀಗೆ ಮೇಲೇರಿದ ಟುರುವಾ ೨೦೨೩ರ ಶ್ರೇಷ್ಠ ಹೊಸ ಆಟಗಾರನೆಂಬ ಪುರಸ್ಕಾರ ಪಡೆದ. ಕೊರೊಯಿಸಾವ್‌ನ ಜಾಗಕ್ಕೆ ಮಿಚ್ ಕೆನ್ನಿ ಬಂದ. ಸದ್ದಿಲ್ಲದೆ ದುಡಿಯುವ ಆಳು.

ಮೂರನೆಯ ಲೆಕ್ಕ ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ಬೇರೆ ಕ್ಲಬ್ಬುಗಳು ಬೇಡವೆಂದವರನ್ನು, ಮೂಲೆಗುಂಪಾದವರನ್ನು ಕಡಿಮೆ ವೆಚ್ಚದಲ್ಲಿ ಕರೆತರುವುದು. ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನಲ್ಲಿ ಆಡುತ್ತಿದ್ದ ಜ್ಯಾಕ್ ಕಾಗರ್‌ನನ್ನು ೨೦೨೩ಕ್ಕೆ ಕರೆತಂದಾಗ ಹುಬ್ಬೇರಿಸಿದವರಿದ್ದರು. ಆ ವರ್ಷದ ಅಂತಿಮ ಪಂದ್ಯದಲ್ಲಿ ಲುವಾಯಿ ಭುಜದ ನೋವಿನಿಂದ ಹೊರನಡೆದಾಗ ಒಳಬಂದು, ಆ ಅದ್ಭುತ ಚೇತರಿಕೆಗೆ ಹೆಗಲು ಕೊಟ್ಟವನು ಅದೇ ಕಾಗರ್. ೨೦೨೪ಕ್ಕೆ ಬುಲ್‌ಡಾಗ್ಸ್‌ನಿಂದ ಬಂದ ಪಾಲ್ ಅಲಾಮೋಟಿ ಅದೇ ವರ್ಷದ ಅಂತಿಮ ಪಂದ್ಯದಲ್ಲಿ ಗೆರೆ ದಾಟಿ ಅಂಕ ತಂದ. ಕೊಟ್ಟವರಿಂದಲೇ ಒಂದಿಷ್ಟು ಪಡೆದಂತಾಯಿತು.

ಬೇಸಗೆಯ ತಪಸ್ಸು

ಆಳುಗಳು ಸೇರಿದ ಮಾತ್ರಕ್ಕೆ ತಂಡವಾಗದು. ಅವರನ್ನು ಒಂದು ಮೈ, ಒಂದು ಮನಸ್ಸು ಮಾಡುವ ಕಾಲ ನವೆಂಬರ್‌ನಿಂದ ಆರಂಭ. ಆಸ್ಟ್ರೇಲಿಯದಲ್ಲಿ ನವೆಂಬರ್, ಡಿಸೆಂಬರ್, ಜನವರಿ ಎಂದರೆ ಕಡುಬೇಸಗೆ. ಎಳೆಯ ಆಟಗಾರರೂ ಹೊಸಬರೂ ಮೊದಲು ಬರುತ್ತಾರೆ. ಅನುಭವಸ್ಥರು ವಿಶ್ರಾಂತಿ ಮುಗಿಸಿ, ದೇಶದ ಪರವಾಗಿ ಆಡಿದವರು ಇನ್ನೂ ತಡವಾಗಿ, ಸೇರಿಕೊಳ್ಳುತ್ತಾರೆ. ಖಾಯಂ ಒಪ್ಪಂದವಿಲ್ಲದೆ, ಕೆಲವು ವಾರಗಳ ಪರೀಕ್ಷೆಗಾಗಿ ಮಾತ್ರ ಬಂದ ಉಮೇದುವಾರರೂ ಈ ಗುಂಪಿನಲ್ಲಿರುವುದುಂಟು. ಅವರ ಪಾಲಿಗೆ ಪ್ರತಿ ಬೆಳಗೂ ಒಂದು ಸಂದರ್ಶನವೇ.

ಮೊದಲ ದಿನಗಳಲ್ಲಿ ತೂಕ, ಚರ್ಮದಡಿಯ ಕೊಬ್ಬು, ಕೀಲುಗಳ ಚಲನೆ ಎಲ್ಲವನ್ನೂ ಅಳೆಯುತ್ತಾರೆ. ಓಟಕ್ಕೆ ಒಂದು ಪ್ರಸಿದ್ಧ ಪರೀಕ್ಷೆಯಿದೆ. ಇಪ್ಪತ್ತು ಮೀಟರ್ ಓಡಿ ಹಿಂದಿರುಗಬೇಕು, ನಲವತ್ತು ಮೀಟರ್ ಓಡಿ ಹಿಂದಿರುಗಬೇಕು, ಅರವತ್ತು ಮೀಟರ್ ಓಡಿ ಹಿಂದಿರುಗಬೇಕು. ಹೀಗೆ ನಿಲ್ಲದೆ ಐದು ಆವರ್ತ. ಒಟ್ಟು ೧,೨೦೦ ಮೀಟರ್. ಕೇಳಲು ಸುಲಭ. ಆದರೆ ನೂರು ಕಿಲೋಗ್ರಾಂ ತೂಗುವ ದೇಹವನ್ನು ಮೂವತ್ತು ಸಲ ಓಡಿಸಿ, ನಿಲ್ಲಿಸಿ, ತಿರುಗಿಸುವುದರ ಕಷ್ಟ ಆ ಮೊಣಕಾಲುಗಳಿಗೇ ಗೊತ್ತು. ನಾಲ್ಕೂವರೆ ನಿಮಿಷಗಳ ಸುಮಾರಿಗೆ ಮುಗಿಸಿದವನಿಗೆ ಭೇಷ್ ಎನ್ನುತ್ತಾರೆ. ಹಿಂದೆ ಬಿದ್ದವನ ಸಮಯವನ್ನೂ ಎಲ್ಲರೆದುರು ಓದುತ್ತಾರೆ.

ಅನಂತರ ಭಾರ ಎತ್ತುವಿಕೆ, ಕುಸ್ತಿಯ ಪಟ್ಟುಗಳು, ಕೆಡವುವ ಮತ್ತು ಕೆಡವಿಸಿಕೊಂಡೂ ಬೇಗನೆ ಏಳುವ ಅಭ್ಯಾಸ. ಮೈತಾಗುವ ಅಭ್ಯಾಸವನ್ನು ಮಾತ್ರ ಮೆಲ್ಲಮೆಲ್ಲನೆ ಏರಿಸುತ್ತಾರೆ. ಆಟ ಮೊದಲಾಗುವ ಮುನ್ನವೇ ಗಾಯಗೊಂಡವನಿಂದ ಪ್ರಯೋಜನವೇನು? ಬೆನ್ನಿನ ಮೇಲ್ಭಾಗದಲ್ಲಿ ಅಂಗಿಯೊಳಗೆ ಕಟ್ಟಿದ ಪುಟ್ಟ ಯಂತ್ರ ಯಾರು ಎಷ್ಟು ದೂರ, ಎಷ್ಟು ವೇಗದಲ್ಲಿ ಓಡಿದರೆಂದು ಉಪಗ್ರಹದ ನೆರವಿನಿಂದ ಲೆಕ್ಕವಿಡುತ್ತದೆ. ಮೈಗಳ್ಳನಿಗೆ ಅಡಗಲು ಜಾಗವಿಲ್ಲ. ಮಧ್ಯಾಹ್ನ ತಂಪು ಕೋಣೆಯಲ್ಲಿ ಹಿಂದಿನ ವರ್ಷದ ಪಂದ್ಯಗಳ ಚಿತ್ರಗಳನ್ನು ನೋಡುತ್ತ ತಪ್ಪುಗಳ ವಿಮರ್ಶೆ. ಕ್ರಿಸ್‌ಮಸ್ ಹಬ್ಬಕ್ಕೆ ಕೆಲ ದಿನಗಳ ರಜೆ. ಜನವರಿಯಲ್ಲಿ ಮತ್ತೆ ಅದೇ ಬಿಸಿಲು, ಅದೇ ಬೆವರು. ಫೆಬ್ರವರಿಯಲ್ಲಿ ಪೂರ್ವಭಾವಿ ಪಂದ್ಯಗಳು. ಹುಡುಗರಿಗೆ ತಮ್ಮ ಯೋಗ್ಯತೆ ತೋರಲು ಅದೇ ಅವಕಾಶ.

ಈ ಸಿದ್ಧತೆಗೂ ಗೆಲುವೇ ಅಡ್ಡಿಯಾಗುವುದುಂಟು. ಅಂತಿಮ ಪಂದ್ಯದವರೆಗೆ ಆಡಿದವರ ವಿಶ್ರಾಂತಿ ಸೆಪ್ಟೆಂಬರ್ ಮೊದಲಲ್ಲೇ ಸೋತು ಮನೆಗೆ ಹೋದವರಿಗಿಂತ ತಡವಾಗಿ ಆರಂಭವಾಗುತ್ತದೆ. ಮೇಲಾಗಿ ಇಂಗ್ಲೆಂಡಿನ ವಿಜೇತರೊಡನೆ ಫೆಬ್ರವರಿಯಲ್ಲೇ ಪಂದ್ಯ. ೨೦೨೩ರಲ್ಲಿ ಪೆನ್ರಿತ್ ತನ್ನ ಊರಿನಲ್ಲೇ ಸೇಂಟ್ ಹೆಲೆನ್ಸ್ ತಂಡಕ್ಕೆ ೧೩–೧೨ರಿಂದ ಸೋತಿತು. ೨೦೨೪ರಲ್ಲಿ ವಿಗನ್ ಪಟ್ಟಣದ ಚಳಿಯಲ್ಲಿ ೧೬–೧೨ರಿಂದ ಸೋತಿತು. ತವರಿನಲ್ಲಿ ನಾಲ್ಕು ಸಲ ಗೆದ್ದವರಿಗೆ ಆ ಒಂದು ಕಪ್ಪು ಮಾತ್ರ ಕೈಗೆಟುಕಲಿಲ್ಲ.

ಅಗ್ನಿಪರೀಕ್ಷೆ

ಬಿಟ್ಟುಕೊಡುತ್ತ ಗೆಲ್ಲುವ ಈ ಕಲೆಗೆ ಮಿತಿಯಿಲ್ಲವೆ? ಈ ಪ್ರಶ್ನೆಗೆ ೨೦೨೫ ಉತ್ತರ ಕೊಟ್ಟಿತು. ಲುವಾಯಿಯ ಜಾಗಕ್ಕೆ ಪ್ಯಾರಮಾಟಾದಿಂದ ಎಳೆಯ ಬ್ಲೇಜ್ ಟಲಾಗಿ ಬಂದಿದ್ದ. ವೆಸ್ಟ್ಸ್ ಟೈಗರ್ಸ್‌ನಿಂದ ಐಸಾಯಾ ಪಪಾಲಿಯಿ ಬಂದಿದ್ದ. ಹಿಂದೊಮ್ಮೆ ಹೊರಟುಹೋಗಿದ್ದ ಟಾಮ್ ಜೆಂಕಿನ್ಸ್ ನ್ಯೂಕ್ಯಾಸಲ್‌ನಿಂದ ಮರಳಿದ್ದ. ಹದಿಹರೆಯ ದಾಟದ ಕೇಸಿ ಮೆಕ್ಲೀನ್ ನ್ಯೂಜಿಲೆಂಡ್ ದೇಶದ ಪರ ತನ್ನ ಮೊದಲ ಪಂದ್ಯದಲ್ಲೇ ನಾಲ್ಕು ಸಲ ಗೆರೆ ದಾಟಿ ಬಂದಿದ್ದ. ಸ್ವಂತ ಕ್ರೀಡಾಂಗಣದ ಪುನರ್ನಿರ್ಮಾಣ ನಡೆದಿದ್ದುದರಿಂದ ಊರಿನ ಪಂದ್ಯಗಳನ್ನೂ ಪ್ಯಾರಮಾಟಾದ ಬಾಡಿಗೆ ಮನೆಯಲ್ಲಿ ಆಡಬೇಕಾಗಿತ್ತು. ಮೊದಲ ಪಂದ್ಯ ಅಮೆರಿಕದ ಲಾಸ್ ವೇಗಸ್‌ನಲ್ಲಿ. ಅಲ್ಲಿ ಕ್ರೊನಲ್ಲಾ ತಂಡದ ಮೇಲೆ ೨೮–೨೨ರ ಜಯ. ಶುಭಾರಂಭವೆಂದು ಎಲ್ಲರೂ ಬಗೆದರು.

ಆದರೆ ಅನಂತರ ಸೋಲಿನ ಮೇಲೆ ಸೋಲು. ಹನ್ನೆರಡು ಸುತ್ತುಗಳು ಮುಗಿದಾಗ ನಾಲ್ಕು ವರ್ಷದ ಚಕ್ರವರ್ತಿಗಳು ಹದಿನೇಳು ತಂಡಗಳ ಪಟ್ಟಿಯಲ್ಲಿ ಹದಿನೇಳನೆಯವರು! ಹಳಬರಿಗೆ ದಣಿವು, ಹೊಸಬರಿಗೆ ಹೊಂದಾಣಿಕೆ ಸಾಲದು. ಒಂದು ತಲೆಮಾರು ಮುಗಿಯಿತು ಎಂದು ಬರೆದವರುಂಟು. ಆ ಹೊತ್ತಿನಲ್ಲಿ ಗಾಬರಿಬಿದ್ದು ತಂಡವನ್ನು ಕಲಕಿದ್ದರೆ ಬೇಸಗೆಯ ದುಡಿಮೆಯೆಲ್ಲ ಮಣ್ಣುಪಾಲಾಗುತ್ತಿತ್ತು. ಹಾಗಾಗಲಿಲ್ಲ. ಅದೇ ಹುಡುಗರು, ಅದೇ ಪದ್ಧತಿ. ಸತತ ಒಂಬತ್ತು ಪಂದ್ಯ ಗೆದ್ದು, ಏಳನೆಯ ಸ್ಥಾನ ಹಿಡಿದು, ಪೆನ್ರಿತ್ ಕೊನೆಯ ಎಂಟರಲ್ಲಿ ಸೇರಿತು.

ಅಲ್ಲಿ ವಿಧಿ ಒಂದು ನಾಟಕವನ್ನೇ ಹೂಡಿತು. ಮೊದಲ ಎದುರಾಳಿ ವಾರಿಯರ್ಸ್, ವೆಬ್‌ಸ್ಟರ್ ತರಬೇತಿಗಾರನಾಗಿದ್ದ, ಫಿಶರ್-ಹ್ಯಾರಿಸ್ ಸೇರಿದ್ದ ಕ್ಲಬ್ಬು. ಅದನ್ನು ೨೪–೮ರಿಂದ ಸೋಲಿಸಿದರು. ಎರಡನೆಯ ಎದುರಾಳಿ ಬುಲ್‌ಡಾಗ್ಸ್, ಸಿರಾಲ್ಡೋ ಕಲಿಸಿದ, ಬರ್ಟನ್, ಕ್ರೈಟನ್‌ರ ಹೊಸ ಮನೆ. ಅದನ್ನು ೪೬–೨೬ರಿಂದ ಸೋಲಿಸಿದರು. ತವರಿನಿಂದ ಹೊರಟವರು ಎದುರಿಗೆ ನಿಂತರು. ತವರಿನಲ್ಲಿ ಉಳಿದ ಕಿರಿಯರು ಗೆದ್ದರು. ಮೂರನೆಯ ಮೆಟ್ಟಿಲಿನಲ್ಲಿ ಬ್ರಿಸ್ಬೇನ್ ಕಾದಿತ್ತು. ೨೦೨೩ರ ಎರಡು ಅಂಕಗಳ ಸಾಲವನ್ನು ಆ ತಂಡ ಎರಡೇ ಅಂಕಗಳಿಂದ ತೀರಿಸಿಕೊಂಡಿತು: ೧೬–೧೪. ಮುಂದೆ ಅಂತಿಮ ಪಂದ್ಯದಲ್ಲಿ ಮೆಲ್ಬರ್ನ್ ತಂಡವನ್ನು ೨೬–೨೨ರಿಂದ ಗೆದ್ದು ಬ್ರಿಸ್ಬೇನ್ ಪ್ರಶಸ್ತಿ ಪಡೆಯಿತು. ಐದನೆಯ ಕಿರೀಟದ ಕನಸು ಅಲ್ಲಿಗೆ ಮುಗಿಯಿತು.

ಸೋಲು ಸೋಲೇ. ಆದರೆ ಪಟ್ಟಿಯ ತಳದಿಂದ ಎದ್ದು, ಅಂತಿಮ ಪಂದ್ಯಕ್ಕೆ ಎರಡೇ ಅಂಕ ಸಾಲದೆ ಹಿಂದಿರುಗಿದ ತಂಡವನ್ನು ಸೋತ ತಂಡವೆಂದು ಊರಿನವರು ಕರೆಯಲಿಲ್ಲ. ಸಂಬಳದ ಮಿತಿ ನ್ಯಾಯವೋ ಅನ್ಯಾಯವೋ ಎಂಬ ಚರ್ಚೆ ಆ ದೇಶದಲ್ಲಿ ಮುಗಿಯುವಂಥದಲ್ಲ. ಬೆಳೆಸಿದವರಿಗೆ ಅಷ್ಟಿಷ್ಟು ರಿಯಾಯಿತಿ ಇರಬೇಕೆನ್ನುವವರಿದ್ದಾರೆ; ಒಬ್ಬರ ಕಣಜದ ಕಾಳು ಹತ್ತು ಹೊಲಗಳಲ್ಲಿ ಮೊಳೆತರೆ ಆಟಕ್ಕೇ ಲಾಭವೆನ್ನುವವರೂ ಇದ್ದಾರೆ. ಎರಡು ಮಾತಿನಲ್ಲೂ ಸತ್ಯವಿದೆ.

೨೦೨೫ರ ಅಕ್ಟೋಬರ್‌ನಲ್ಲಿ ಪೆನ್ರಿತ್‌ನವರಿಗೆ ಐದು ವರ್ಷಗಳಲ್ಲಿ ಮೊದಲ ಸಲ ಪ್ರಶಸ್ತಿಯ ಮೆರವಣಿಗೆಯಿಲ್ಲದ ವಿರಾಮ ದೊರೆಯಿತು. ನೆಪಿಯನ್ ನದಿಯ ದಡದ ಮೈದಾನಗಳಲ್ಲಿ ಹುಲ್ಲು ಒಣಗತೊಡಗಿತ್ತು. ನವೆಂಬರ್ ಬಂದೊಡನೆ ಅಲ್ಲಿ ಪುನಃ ಸುಣ್ಣದ ಗೆರೆಗಳು ಮೂಡುತ್ತವೆ. ಇಪ್ಪತ್ತು, ನಲವತ್ತು, ಅರವತ್ತು ಮೀಟರುಗಳ ಗೆರೆಗಳು. ಹೊರಟವರ ಹೆಸರಿನ ಜಾಗದಲ್ಲಿ ಹೊಸ ಹೆಸರು ಹೊತ್ತ ಹುಡುಗರು ಗೆರೆಯ ಮೇಲೆ ಕಾಲಿಟ್ಟು, ಸೀಟಿಯ ಸದ್ದಿಗಾಗಿ ಕಿವಿಗೊಟ್ಟು ನಿಲ್ಲುತ್ತಾರೆ.